ಒಂದು ಎಲೆ ಎಲ್ಲಿಂದ ಎಲ್ಲಿಯವರೆಗೆ

ಆ ಗಿಡವನ್ನು ನಾನು ಮೊದಲು ಕಂಡದ್ದು ಪ್ರಯಾಣದ ನಡುವೆ ಒಂದೇ ರಾತ್ರಿಗೆಂದು ತಂಗಿದ್ದ ವಸತಿಗೃಹವೊಂದರ ಅಂಗಳದಲ್ಲಿ, ಕತ್ತಲಾಗಲು ಅರ್ಧ ಗಂಟೆಯಷ್ಟೇ ಉಳಿದಿದ್ದ ಹೊತ್ತಿನಲ್ಲಿ. ಕಲ್ಲುಹಾಸಿನ ದಾರಿಯ ಒಂದು ಬದಿಗೆ ಸಾಲಾಗಿ ನೆಟ್ಟಿದ್ದ ಆ ಗಿಡಗಳು ನನ್ನ ಎದೆಯೆತ್ತರಕ್ಕೆ ಬೆಳೆದಿದ್ದವು. ನೆಲದಿಂದಲೇ ಒತ್ತೊತ್ತಾಗಿ ಎದ್ದು, ಎಲ್ಲಿಯೂ ಕವಲೊಡೆಯದೆ ನೆಟ್ಟಗೆ ನಿಂತ ಬೆರಳುಗಾತ್ರದ ಕಡ್ಡಿಗಳು, ಅವುಗಳ ಉದ್ದಕ್ಕೂ ಗೆಣ್ಣಿನಂಥ ಗುರುತುಗಳು, ತುದಿಯಲ್ಲಿ ಮಾತ್ರ ಚೂಪಾದ ಸಣ್ಣ ಎಲೆಗಳ ಹಗುರವಾದ ಛತ್ರಿ. ಗಾಳಿ ಬೀಸಿದಾಗ ಇಡೀ ಸಾಲು ಒಟ್ಟಿಗೆ ಓಲಾಡುತ್ತಿದ್ದ ರೀತಿಯೂ ಬಿದಿರಿನದೇ. ಯಾವುದೋ ಗಿಡ್ಡ ಜಾತಿಯ ಅಲಂಕಾರದ ಬಿದಿರು ಇರಬೇಕೆಂದು ಮನಸ್ಸಿನಲ್ಲೇ ತೀರ್ಮಾನಿಸಿ, ನೆನಪಿಗಿರಲಿ ಎಂದು ಮೂರು ಚಿತ್ರ ತೆಗೆದುಕೊಂಡು ಒಳಗೆ ಹೋದೆ.

ಬೆಳಿಗ್ಗೆ ಬೇಗನೆ ಹೊರಡಬೇಕಾಗಿತ್ತು. ಸಾಮಾನು ಹೊತ್ತು ಆ ಸಾಲಿನ ಪಕ್ಕದಲ್ಲಿ ನಡೆಯುವಾಗ ಹಿಂದಿನ ಸಂಜೆ ಗಮನಿಸದ ಒಂದು ಸಂಗತಿ ಕಣ್ಣಿಗೆ ಬಿತ್ತು. ಬಿಸಿಲು ಬೀಳುವ ಕಡೆಯ ಎಲೆಗಳು ಹಸಿರಾಗಿರಲಿಲ್ಲ. ಅವು ತಾಮ್ರದ ಕೆಂಪಿಗೆ ತಿರುಗಿದ್ದವು, ಕೆಲವು ಗಾಢ ನೇರಳೆಯಾಗಿದ್ದವು. ಬಿದಿರಿನ ಎಲೆ ಒಣಗುವಾಗ ಹಳದಿಯಾಗುತ್ತದೆ, ಹುಲ್ಲಿನ ಬಣ್ಣಕ್ಕೆ ಬರುತ್ತದೆ; ಜೀವಂತವಾಗಿ, ಆರೋಗ್ಯವಾಗಿ ಇರುವಾಗಲೇ ಹೀಗೆ ಕೆಂಪೇರಿದ ಬಿದಿರನ್ನು ನಾನು ನೋಡಿರಲಿಲ್ಲ. ನಿಂತು ನೋಡಲು ಸಮಯವಿರಲಿಲ್ಲ. ಆ ಕೆಂಪು ಮಾತ್ರ ದಾರಿಯುದ್ದಕ್ಕೂ ನನ್ನನ್ನು ಬಿಡಲಿಲ್ಲ.

ರೈಲಿನಲ್ಲಿ ಕುಳಿತು, ಗಿಡಗಳನ್ನು ಗುರುತಿಸುವ ಮೊಬೈಲ್ ತಂತ್ರಾಂಶವೊಂದಕ್ಕೆ ಮೂರೂ ಚಿತ್ರಗಳನ್ನು ಒಂದೊಂದಾಗಿ ಕೊಟ್ಟೆ. ಮೊದಲನೆಯದಕ್ಕೆ ಅದು ಬಾಂಬೂಸಾ ಜಾತಿಯ ಬಿದಿರು ಎಂದಿತು, ಎರಡನೆಯದಕ್ಕೆ ಬಿದಿರು ತಾಳೆ ಎಂದು ಕರೆಯಲಾಗುವ ಕಮೇಡೋರಿಯಾ ಎಂದಿತು, ಮೂರನೆಯದಕ್ಕೆ ಲಕ್ಕಿ ಬ್ಯಾಂಬೂ ಎಂದಿತು. ಒಂದೇ ಗಿಡಕ್ಕೆ ಮೂರು ಉತ್ತರ ಬಂದಾಗ ನನಗೆ ಆ ತಂತ್ರಾಂಶದ ಮೇಲೆ ಬೇಸರವಾಗಲಿಲ್ಲ, ನನ್ನ ಚಿತ್ರಗಳ ಮೇಲೆ ಅನುಮಾನ ಬಂತು. ಮೂರೂ ಚಿತ್ರಗಳಲ್ಲಿ ಇದ್ದದ್ದು ಗಿಡದ ಒಟ್ಟು ಆಕಾರ ಮಾತ್ರ. ಎಲೆಯ ಬುಡ ಯಾವುದರಲ್ಲಿಯೂ ಸ್ಪಷ್ಟವಾಗಿರಲಿಲ್ಲ, ಎಲೆಯ ಕೆಳಮೈ ಇರಲಿಲ್ಲ, ಗೆಣ್ಣಿನ ಹತ್ತಿರದ ನೋಟ ಇರಲಿಲ್ಲ, ಅಳತೆ ತಿಳಿಯಲು ಪಕ್ಕದಲ್ಲೊಂದು ಪೆನ್ನನ್ನೂ ಇಟ್ಟಿರಲಿಲ್ಲ. ಬಿದಿರಿನಂತೆ ಕಾಣುತ್ತದೆ ಎಂದು ನಾನು ನಂಬಿ ತೆಗೆದ ಚಿತ್ರಗಳು ಬಿದಿರಿನಂತೆ ಕಾಣುವ ಅಂಶವನ್ನಷ್ಟೇ ಹಿಡಿದಿದ್ದವು.

ಆದರೂ ಇದ್ದುದರಲ್ಲಿಯೇ ಏನಾದರೂ ಸಿಗಬಹುದೆಂದು ಚಿತ್ರಗಳನ್ನು ಹಿಗ್ಗಿಸಿ ನೋಡತೊಡಗಿದೆ. ಮೂರನೆಯ ಚಿತ್ರದ ಮೂಲೆಯಲ್ಲಿ, ಮುಳುಗುವ ಬೆಳಕಿಗೆ ಅಡ್ಡವಾಗಿ ಬಂದ ಎರಡು ಎಲೆಗಳ ಒಳಗಿನ ನಾಳಗಳು ಮಸುಕಾಗಿ ಕಾಣುತ್ತಿದ್ದವು. ಮಧ್ಯದಲ್ಲೊಂದು ನಾಳ, ಅದರಿಂದ ಎರಡೂ ಬದಿಗೆ ಒಡೆದ ಸಣ್ಣ ನಾಳಗಳು, ಅವುಗಳ ನಡುವೆ ಬಲೆಯಂಥ ಹೆಣಿಗೆ. ಇದೊಂದು ಸಂಗತಿ ಮೂರೂ ಉತ್ತರಗಳನ್ನು ಒಟ್ಟಿಗೆ ತಳ್ಳಿಹಾಕಿತು. ಬಿದಿರು ಹುಲ್ಲಿನ ಕುಟುಂಬಕ್ಕೆ ಸೇರಿದ್ದು. ಅದರ ಎಲೆಯಲ್ಲಿ ನಾಳಗಳು ಬುಡದಿಂದ ತುದಿಯವರೆಗೆ ಒಂದಕ್ಕೊಂದು ಸಮಾಂತರವಾಗಿ ಓಡುತ್ತವೆ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಮೂಲದ ಕಮೇಡೋರಿಯಾ ತಾಳೆಯ ಕುಟುಂಬದ್ದು. ಅದರ ತೆಳುವಾದ ಕಾಂಡದ ಮೇಲೆ ಉದುರಿದ ಗರಿಗಳ ಉಂಗುರ ಗುರುತುಗಳು ಗೆಣ್ಣಿನಂತೆಯೇ ಕಾಣುತ್ತವೆ ನಿಜ, ಆದರೆ ಅದರ ಗರಿಯ ನಾಳಗಳೂ ಸಮಾಂತರವೇ. ಲಕ್ಕಿ ಬ್ಯಾಂಬೂ ಎಂಬ ಹೆಸರಿನಲ್ಲಿ ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿ ಮಾರುವ ಗಿಡ ಬಿದಿರೇ ಅಲ್ಲ. ಅದು ಆಫ್ರಿಕಾ ಮೂಲದ ಡ್ರಸೀನಾ ಸ್ಯಾಂಡೆರಿಯಾನಾ, ಅದೂ ಉಳಿದೆರಡರಂತೆ ಏಕದಳ ಸಸ್ಯವೇ, ಅಂದರೆ ಬೀಜದಲ್ಲಿ ಒಂದೇ ದಳವಿದ್ದು ಸಾಮಾನ್ಯವಾಗಿ ಸಮಾಂತರ ನಾಳಗಳ ಎಲೆ ಬಿಡುವ ಬಳಗದ್ದು. ಬಲೆಯಂಥ ನಾಳಗಳಿದ್ದ ನಾನು ಕಂಡ ಗಿಡ, ಬೀಜದಲ್ಲಿ ಎರಡು ದಳಗಳಿರುವ ದ್ವಿದಳ. ಬಿದಿರಿನ ಬಿಂಬ ಮನಸ್ಸಿನಿಂದ ಆ ಕ್ಷಣದಲ್ಲಿ ಜಾರಿಹೋಯಿತು. ಅದರ ಜಾಗದಲ್ಲಿ ಏನನ್ನು ಇಡಬೇಕೆಂಬುದು ಮಾತ್ರ ಗೊತ್ತಾಗಲಿಲ್ಲ.

ಬಿದಿರಿನ ವೇಷ ತೊಟ್ಟ ಗಿಡಗಳು ಇಷ್ಟೊಂದು ಇವೆ ಎಂಬುದು ಈ ಹುಡುಕಾಟದಲ್ಲಿಯೇ ನನಗೆ ತಿಳಿದದ್ದು. ಈಕ್ವಿಸೆಟಮ್ ಎಂಬ ಕುದುರೆಬಾಲದ ಗಿಡ ಎಲೆಯೇ ಇಲ್ಲವೆಂಬಂತೆ ಕಾಣುವ ಹಸಿರು ಕೊಳವೆಗಳಾಗಿ, ಕಪ್ಪು ಗೆಣ್ಣುಗಳೊಂದಿಗೆ ನಿಲ್ಲುತ್ತದೆ. ದೂರದಿಂದ ಯಾರೂ ಬಿದಿರೆಂದೇ ಹೇಳಬೇಕು, ಆದರೆ ಅದು ಜರೀಗಿಡಗಳ ಬಳಗದ್ದು, ಹೂವನ್ನೇ ಬಿಡುವುದಿಲ್ಲ. ಬಿದಿರು ಆರ್ಕಿಡ್ ಎಂಬ ಅರಂಡಿನಾ ಇದೆ, ಹೂ ಬಿಡುವವರೆಗೂ ಅದು ಹುಲ್ಲಿನಂತೆಯೇ ಇರುತ್ತದೆ. ಜಪಾನಿ ನಾಟ್‌ವೀಡ್‌ನ ಕಾಂಡವಂತೂ ಬಿದಿರಿನಂತೆಯೇ ಟೊಳ್ಳು. ಆದರೆ ಅದರ ಎಲೆ ಅಂಗೈಯಷ್ಟು ಅಗಲ, ಗೆಣ್ಣಿನ ಸುತ್ತ ತೆಳುವಾದ ಪೊರೆಯ ಕೊಳವೆ ಇರುತ್ತದೆ. ಇವುಗಳಲ್ಲಿ ದ್ವಿದಳವಾದದ್ದು ನಾಟ್‌ವೀಡ್ ಒಂದೇ, ಅದರ ಅಗಲವಾದ ಎಲೆಗೂ ನನ್ನ ಚಿತ್ರದ ಕಿರಿದಾದ ಎಲೆಗೂ ಯಾವ ಹೋಲಿಕೆಯೂ ಇರಲಿಲ್ಲ.

ಮುಂದಿನ ಎರಡು ದಿನ ನಾನು ತಪ್ಪು ದಾರಿಯಲ್ಲಿ ನಡೆದೆ. ಆ ತಪ್ಪನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ಗಿಡ ಗುರುತಿಸಲು ಹೊರಟ ಯಾರಾದರೂ ಇಲ್ಲಿಯೇ ಎಡವಬಹುದು. ಚಿತ್ರಗಳಲ್ಲಿ ತೆಳುವಾದ ಸಣ್ಣ ಕೊಂಬೆಗಳು ಕಾಣುತ್ತಿದ್ದವು, ಆ ಕೊಂಬೆಗಳ ಮೇಲೆ ಎರಡೆರಡು ಎಲೆಗಳು ಎದುರುಬದುರಾಗಿ ಕುಳಿತಿದ್ದವು. ಹಾಗಾಗಿ ನನ್ನ ಟಿಪ್ಪಣಿ ಪುಸ್ತಕದಲ್ಲಿ, "ಪೊದೆ, ದ್ವಿದಳ, ಎಲೆಗಳು ಸರಳ, ಜೋಡಣೆ ಅಭಿಮುಖ, ಅಂಚು ನಯ" ಎಂದು ಬರೆದುಕೊಂಡೆ. ಸಸ್ಯಗಳ ನಿರ್ಧಾರಸೂಚಿಗಳು ಎರಡೆರಡು ಆಯ್ಕೆಗಳ ಕವಲುದಾರಿಗಳಂತೆ ಇರುತ್ತವೆ. ಎಲೆ ಒಂದೇ ತುಣುಕಿನ ಸರಳವೇ ಹಲವು ತುಣುಕುಗಳ ಸಂಯುಕ್ತವೇ, ಜೋಡಣೆ ಎದುರುಬದುರಾದ ಅಭಿಮುಖವೇ ಒಂದಾದ ಮೇಲೊಂದು ಬರುವ ಪರ್ಯಾಯವೇ ಎಂದು ಒಂದೊಂದೇ ಪ್ರಶ್ನೆಗೆ ಉತ್ತರಿಸುತ್ತ ಮುಂದೆ ಸಾಗಬೇಕು. ಮೊದಲ ಎರಡು ಕವಲುಗಳಲ್ಲಿಯೇ ತಪ್ಪಾಗಿ ತಿರುಗಿದರೆ ಆಮೇಲೆ ಎಷ್ಟು ಜಾಗರೂಕತೆಯಿಂದ ನಡೆದರೂ ಸೇರಬೇಕಾದ ಊರು ಸೇರುವುದಿಲ್ಲ. ನಾನು ತಲುಪಿದ ಪ್ರತಿಯೊಂದು ಹೆಸರೂ ಒಂದಲ್ಲ ಒಂದು ಲಕ್ಷಣದಲ್ಲಿ ಕೈಕೊಡುತ್ತಿತ್ತು, ನಾನು ಮತ್ತೆ ಮೊದಲಿನಿಂದ ಆರಂಭಿಸಿ ಅದೇ ಎರಡು ತಪ್ಪುಗಳನ್ನು ಮತ್ತೆ ಮಾಡುತ್ತಿದ್ದೆ.

ಸಸ್ಯಶಾಸ್ತ್ರ ಕಲಿಸುವ ಪರಿಚಿತರೊಬ್ಬರಿಗೆ ಚಿತ್ರಗಳನ್ನೂ ನನ್ನ ಟಿಪ್ಪಣಿಯನ್ನೂ ಕಳುಹಿಸಿದೆ. ಹೆಸರು ಸಿಗಬಹುದೆಂದು ಕಾದಿದ್ದ ನನಗೆ ಅವರಿಂದ ಬಂದದ್ದು ಒಂದು ಪ್ರಶ್ನೆ ಮಾತ್ರ: "ನೀವು ಎಲೆ ಎಂದು ಕರೆಯುತ್ತಿರುವುದರ ಬುಡದಲ್ಲಿ ಮೊಗ್ಗು ಇದೆಯೇ?"

ಪ್ರಶ್ನೆಯ ಹಿಂದಿನ ತರ್ಕ ಹೀಗಿದೆ. ನಿಜವಾದ ಎಲೆಯ ತೊಟ್ಟು ಕಾಂಡಕ್ಕೆ ಕೂಡುವ ಕಂಕುಳಿನಲ್ಲಿ ಒಂದು ಮೊಗ್ಗು ಇರುತ್ತದೆ, ಎಷ್ಟೇ ಸಣ್ಣದಾಗಿರಲಿ. ಮುಂದೆ ಕೊಂಬೆಯೋ ಹೂವೋ ಮೂಡುವುದು ಅಲ್ಲಿಂದಲೇ. ಸಂಯುಕ್ತ ಎಲೆಯ ಭಾಗಗಳಾದ ಕಿರುಎಲೆಗಳಿಗೆ ಅಂಥ ಮೊಗ್ಗು ಇರುವುದಿಲ್ಲ. ಬೇವಿನ ಗರಿಯನ್ನು ಕೈಯಲ್ಲಿ ಹಿಡಿದವರಿಗೆ ಇದು ಗೊತ್ತಿರುತ್ತದೆ: ನಾವು ಎಲೆ ಎನ್ನುವ ಒಂದೊಂದು ತುಣುಕೂ ಕಿರುಎಲೆ, ಇಡೀ ಗರಿ ಒಂದು ಎಲೆ. ನುಗ್ಗೆಯಲ್ಲಿ ಇದು ಇನ್ನೂ ಮುಂದೆ ಹೋಗುತ್ತದೆ. ಗರಿ ಕವಲಾಗಿ, ಕವಲು ಮತ್ತೆ ಕವಲಾಗಿ, ಕೊನೆಗೆ ಸಣ್ಣ ಕಿರುಎಲೆಗಳು ಬರುತ್ತವೆ, ನೋಡಿದವರು ಅದನ್ನು ರೆಂಬೆಯೆಂದು ತಿಳಿದರೆ ಆಶ್ಚರ್ಯವಿಲ್ಲ. ಹಾಗಾದರೆ ನಾನು ಸಣ್ಣ ಕೊಂಬೆ ಎಂದುಕೊಂಡದ್ದು ಕೊಂಬೆಯಾಗಿರದೆ ಎಲೆಯ ದಿಂಡಾಗಿದ್ದರೆ? ಎದುರುಬದುರಾಗಿ ಕುಳಿತದ್ದು ಎಲೆಗಳಾಗಿರದೆ ಕಿರುಎಲೆಗಳಾಗಿದ್ದರೆ? ಆಗ ಜೋಡಣೆ ಅಭಿಮುಖ ಎಂಬ ನನ್ನ ಮಾತಿಗೆ ಅರ್ಥವೇ ಉಳಿಯುವುದಿಲ್ಲ, ಏಕೆಂದರೆ ಜೋಡಣೆಯನ್ನು ಹೇಳಬೇಕಾದದ್ದು ಎಲೆಗಳ ಬಗ್ಗೆ, ಕಿರುಎಲೆಗಳ ಬಗ್ಗೆ ಅಲ್ಲ. ಇಡೀ ಹುಡುಕಾಟ ಒಂದೇ ಪ್ರಶ್ನೆಗೆ ಬಂದು ನಿಂತಿತು: ಈ ಗಿಡದಲ್ಲಿ ಒಂದು ಎಲೆ ಎಲ್ಲಿಂದ ಎಲ್ಲಿಯವರೆಗೆ?

ಮರಳುವ ಪ್ರಯಾಣ ಬೇರೆ ದಾರಿಯಲ್ಲಿ ಆಗಬೇಕಿತ್ತು. ನಾನು ಅದನ್ನು ಬದಲಿಸಿಕೊಂಡು ಆರನೆಯ ದಿನ ಮಧ್ಯಾಹ್ನ ಅದೇ ವಸತಿಗೃಹಕ್ಕೆ ಬಂದೆ. ಒಂದು ಗಿಡದ ಹೆಸರಿಗಾಗಿ ಇಷ್ಟೆಲ್ಲ ಏಕೆ ಎಂದು ಜೊತೆಗಿದ್ದವರು ಕೇಳಿದರು. ಹೆಸರಿಲ್ಲದೆ ಒಂದು ಗಿಡದ ಬಗ್ಗೆ ಯಾರೂ ಬರೆದಿಟ್ಟ ಏನನ್ನೂ ಓದಲು ಸಾಧ್ಯವಿಲ್ಲ, ಅದು ಎಲ್ಲಿಯದು, ಯಾವುದರ ಬಂಧು, ಯಾರಿಗೆ ಅಪಾಯ ಎಂಬ ಯಾವ ಬಾಗಿಲೂ ತೆರೆಯುವುದಿಲ್ಲ. ನನಗೆ ಆ ಬಾಗಿಲು ಬೇಕಾಗಿತ್ತು.

ಈ ಸಲ ಸಿದ್ಧವಾಗಿ ಬಂದಿದ್ದೆ. ಒಂದು ಅಳತೆಪಟ್ಟಿ, ಒಂದು ಭೂತಗನ್ನಡಿ, ನೋಡಬೇಕಾದ ಸಂಗತಿಗಳ ಪಟ್ಟಿ. ತೋಟದ ಕೆಲಸ ನೋಡಿಕೊಳ್ಳುತ್ತಿದ್ದ ಹಿರಿಯರ ಅನುಮತಿ ಕೇಳಿದೆ. ಏನನ್ನೂ ಕೀಳುವುದಿಲ್ಲ, ನೋಡಿ ಅಳೆಯುತ್ತೇನೆ ಅಷ್ಟೆ ಎಂದಾಗ ಅವರೂ ಕುತೂಹಲದಿಂದ ಪಕ್ಕದಲ್ಲಿ ಬಂದು ನಿಂತರು.

ನಾನು ಮೊದಲು ಎಲೆ ಎಂದುಕೊಂಡಿದ್ದ ತುಣುಕಿನ ಬುಡವನ್ನು ಭೂತಗನ್ನಡಿಯಲ್ಲಿ ನೋಡಿದೆ. ಮೊಗ್ಗು ಇರಲಿಲ್ಲ. ಅದು ಕುಳಿತಿದ್ದ ದಿಂಡಿನ ಬುಡಕ್ಕೆ ಬಂದೆ, ಅಲ್ಲಿಯೂ ಇರಲಿಲ್ಲ. ಆ ದಿಂಡು ಸೇರಿದ್ದ ಇನ್ನೊಂದು ದಿಂಡಿನ ಬುಡ, ಅಲ್ಲಿಯೂ ಇಲ್ಲ. ಹೀಗೆ ಒಂದೊಂದೇ ಸಂದಿಯಲ್ಲಿ ಹಿಂದೆ ಸರಿಯುತ್ತ ಕೊನೆಗೆ ನೆಟ್ಟನೆಯ ಕಡ್ಡಿಯನ್ನೇ ತಲುಪಿದಾಗ, ತೊಟ್ಟು ಅಗಲವಾಗಿ ಕಡ್ಡಿಯನ್ನು ಕವಚದಂತೆ ಅಪ್ಪಿಕೊಂಡಿದ್ದ ಜಾಗದ ಒಳಗೆ, ಸಣ್ಣದೊಂದು ಚೂಪು ಮೊಗ್ಗು ಕುಳಿತಿತ್ತು. ಎಲೆ ಶುರುವಾಗುವುದು ಅಲ್ಲಿಂದ. ಅಳೆದೆ: ನಲವತ್ತಾರು ಸೆಂಟಿಮೀಟರ್. ಹಿಂದಿನ ವಾರ ನಾನು ನಾಲ್ಕೈದು ಸೆಂಟಿಮೀಟರ್ ಎಂದು ಬರೆದಿದ್ದ ಎಲೆ ನಿಜವಾಗಿ ನನ್ನ ಮುಂಗೈಗಿಂತ ಉದ್ದವಾಗಿತ್ತು, ಅದು ಮೂರು ಸಲ ಕವಲೊಡೆದು ಹತ್ತಾರು ಕಿರುಎಲೆಗಳನ್ನು ಹೊತ್ತು ನಿಂತಿತ್ತು. ತುದಿಯಲ್ಲಿ ನಾನು ಕಂಡ ಛತ್ರಿ ಕೊಂಬೆಗಳ ಹರವು ಆಗಿರಲಿಲ್ಲ. ಅದು ಏಳೆಂಟು ದೊಡ್ಡ ಎಲೆಗಳ ಗುಂಪು. ಆ ಎಲೆಗಳು ಕಡ್ಡಿಯ ಸುತ್ತ ಒಂದಾದ ಮೇಲೊಂದರಂತೆ, ಪರ್ಯಾಯವಾಗಿ ಕುಳಿತಿದ್ದವು. ನನ್ನ ಟಿಪ್ಪಣಿಯ ಎರಡೂ ಮುಖ್ಯ ಪದಗಳನ್ನು ಅಲ್ಲಿಯೇ ಹೊಡೆದುಹಾಕಿ "ಸಂಯುಕ್ತ, ಮೂರು ಹಂತದ ಗರಿ, ಪರ್ಯಾಯ" ಎಂದು ಬರೆದೆ.

ಇನ್ನೊಂದು ಸಂಗತಿಯೂ ಕೈಗೆ ಹತ್ತಿತು, ಕಣ್ಣಿಗಿಂತ ಮೊದಲು ಬೆರಳಿಗೆ. ಎಲೆಯ ದಿಂಡು ಕವಲೊಡೆಯುವ ಪ್ರತಿ ಜಾಗದಲ್ಲಿಯೂ ಸ್ವಲ್ಪ ಉಬ್ಬಿತ್ತು, ಬೆರಳ ಗಿಣ್ಣಿನಂತೆ. ಎಲೆಯೊಳಗೇ ಕೀಲುಗಳಿದ್ದವು. ಕಡ್ಡಿಯ ಮೇಲೆ ನಾನು ಗೆಣ್ಣು ಎಂದುಕೊಂಡಿದ್ದ ಗುರುತುಗಳೂ ಗೆಣ್ಣಿನ ಉಂಗುರಗಳಾಗಿರಲಿಲ್ಲ. ಉದುರಿಹೋದ ಹಳೆಯ ಎಲೆಗಳ ಬುಡದ ಕವಚಗಳು ಒಣಗಿ, ಕಡ್ಡಿಗೆ ಅಂಟಿಕೊಂಡು ಉಳಿದಿದ್ದವು. ಹಿಂದೆ ಸವರಿಹಾಕಿದ್ದ ಒಂದು ಕಡ್ಡಿಯ ತುಂಡು ನೆಲದ ಮೇಲೆ ಸಿಕ್ಕಿತು. ಬಿದಿರಿನ ಗಳದಂತೆ ಅದು ಟೊಳ್ಳಾಗಿರಲಿಲ್ಲ; ಒಳಗೆ ಗಟ್ಟಿ ಮರ, ನಡುವೆ ಸ್ವಲ್ಪ ಮೆತ್ತನೆಯ ತಿರುಳು. ಗಟ್ಟಿತನವೊಂದೇ ಸಾಕ್ಷಿಯಲ್ಲ, ಕಿರುಬಿದಿರಿನ ಗಳವೂ ಹಲವು ಸಲ ಒಳಗೆ ತುಂಬಿಕೊಂಡಿರುತ್ತದೆ. ಆದರೆ ಹುಲ್ಲಿನ ಕುಟುಂಬದ ಕಾಂಡದಲ್ಲಿ ಹೀಗೆ ನಡುತಿರುಳು, ಸುತ್ತ ಮರ, ಹೊರಗೆ ತೊಗಟೆ ಎಂಬ ಪದರಗಳು ಇರುವುದಿಲ್ಲ.

ಸಂಯುಕ್ತ ಎಲೆ ಎಂದಾದ ಮೇಲೆ ಹೊಸ ಪ್ರತಿಸ್ಪರ್ಧಿಗಳು ಬಂದವು. ಚೈನಾ ಡಾಲ್ ಎಂದು ಕುಂಡಗಳಲ್ಲಿ ಬೆಳೆಸುವ ರಾಡರ್‌ಮ್ಯಾಕೆರಾ ಕೂಡ ಎರಡು ಮೂರು ಹಂತದ ಗರಿಯೆಲೆಯ ಗಿಡ, ಹೊಳೆಯುವ ಹಸಿರಿನದು. ಆದರೆ ಅದರ ಎಲೆಗಳು ನಿಜವಾಗಿಯೇ ಅಭಿಮುಖ. ಪಾಲಿಸಿಯಾಸ್ ಎಂಬ ಅಲಂಕಾರದ ಗಿಡದ ಎಲೆಯ ಬುಡವೂ ಕಾಂಡವನ್ನು ಅಪ್ಪಿಕೊಳ್ಳುತ್ತದೆ, ಆದರೆ ಅದರ ಕಿರುಎಲೆಗಳ ಅಂಚು ಹಲ್ಲುಹಲ್ಲಾಗಿರುತ್ತದೆ, ಹೊಸಕಿದರೆ ವಾಸನೆ ಬರುತ್ತದೆ. ಲೀಯಾ ಜಾತಿಯ ಕಿರುಎಲೆಗಳಿಗೂ ಹಲ್ಲಿನ ಅಂಚೇ. ನನ್ನ ಮುಂದಿದ್ದ ಕಿರುಎಲೆಗಳು ಚೂಪು ತುದಿಯ ಈಟಿಯಾಕಾರದವು, ಅಂಚು ಸಂಪೂರ್ಣ ನಯ, ಎರಡೂ ಮೈ ರೋಮವಿಲ್ಲದ್ದು, ತೊಟ್ಟು ಇದೆಯೋ ಇಲ್ಲವೋ ಎನ್ನುವಷ್ಟು ಗಿಡ್ಡ. ನೆಲಕ್ಕೆ ಬಿದ್ದಿದ್ದ ಒಂದನ್ನು ಹೊಸಕಿ ನೋಡಿದೆ; ಹಸಿ ಸೊಪ್ಪಿನ ವಾಸನೆಯ ಹೊರತು ಬೇರೇನೂ ಇರಲಿಲ್ಲ.

ಹೆಸರಿನ ಬಾಗಿಲು ತೆರೆದದ್ದು ನಾನು ಪಟ್ಟಿಯಲ್ಲಿ ಬರೆದುಕೊಂಡೇ ಇರದ ಒಂದು ಲಕ್ಷಣದಿಂದ. ನೆಲದಲ್ಲಿ ಸಿಕ್ಕ ಕಡ್ಡಿಯ ತೊಗಟೆಯನ್ನು ಉಗುರಿನಿಂದ ಕೆರೆದಾಗ ಒಳಗೆ ಹಳದಿ ಕಂಡಿತು. ಒಣಗಿದ ಮರದ ಮಸುಕು ಹಳದಿಯಲ್ಲ, ಅರಿಶಿನದ ಕೊಂಬನ್ನು ಮುರಿದಾಗ ಕಾಣುವ ಹಳದಿ. ತೋಟದ ಹಿರಿಯರೂ ಇದನ್ನು ಗಮನಿಸಿದ್ದರಂತೆ. ಕತ್ತರಿಸುವಾಗಲೆಲ್ಲ ಹೀಗೆಯೇ ಇರುತ್ತದೆ, ಬೇರು ಇದಕ್ಕಿಂತ ಹೆಚ್ಚು ಹಳದಿ ಎಂದರು. ನನಗೆ ಆ ಕ್ಷಣ ನೆನಪಾದದ್ದು ದಾರುಹರಿದ್ರ ಎಂಬ ಪದ. ದಾರು ಎಂದರೆ ಮರ, ಹರಿದ್ರ ಎಂದರೆ ಅರಿಶಿನ. ಮರದೊಳಗಿನ ಈ ಬಣ್ಣವನ್ನು ಕಂಡವರೇ ಇಟ್ಟ ಹೆಸರು ಅದು. ದಾರುಹರಿದ್ರವೆಂದು ಬಳಸುವ ಬರ್ಬೆರಿಸ್ ಪೊದೆಗಳ ಹಳದಿಗೆ ಕಾರಣ ಬರ್ಬೆರಿನ್ ಎಂಬ ಕ್ಷಾರಾಭ. ಮರದರಿಶಿನ ಎಂಬ ಬಳ್ಳಿಯಲ್ಲಿಯೂ ಅದೇ ಇದೆ, ಆದ್ದರಿಂದ ಹಳದಿ ಮಾತ್ರದಿಂದ ಕುಟುಂಬ ನಿರ್ಧಾರವಾಗುವುದಿಲ್ಲ ಎಂದು ನನಗೆ ನಾನೇ ಎಚ್ಚರ ಹೇಳಿಕೊಂಡೆ. ಆದರೂ ಬರ್ಬೆರಿಸ್‌ನ ಕುಟುಂಬವನ್ನು ತೆರೆದು ನೋಡಲು ಇಷ್ಟು ಕಾರಣ ಸಾಕಾಗಿತ್ತು.

ಆ ರಾತ್ರಿ ಅಲ್ಲಿಯೇ ತಂಗಿ, ಬರ್ಬೆರಿಡೇಸಿ ಕುಟುಂಬದ ಜಾತಿಗಳನ್ನು ಒಂದೊಂದಾಗಿ ಓದಿದೆ. ಕುಟುಂಬದ ಹಲವು ಜಾತಿಗಳು ಪೊದೆಗಳೇ ಅಲ್ಲ, ನೆಲಮಟ್ಟದ ಮೂಲಿಕೆಗಳು. ಮರದ ಕಾಂಡವಿರುವವುಗಳಲ್ಲಿ ಬರ್ಬೆರಿಸ್‌ನ ಎಲೆ ಸರಳ, ಸಾಮಾನ್ಯವಾಗಿ ಮುಳ್ಳುಗಳೂ ಇರುತ್ತವೆ. ಮಹೋನಿಯಾದ ಎಲೆ ಗರಿಯಂಥದು, ಆದರೆ ಒಂದೇ ಹಂತದ ಗರಿ, ಕಿರುಎಲೆಗಳ ಅಂಚಿನಲ್ಲಿ ಮುಳ್ಳು. ಮೂರು ಹಂತದ ಗರಿಯೆಲೆ, ನಯವಾದ ಅಂಚು, ಕೀಲುಕೀಲಾದ ದಿಂಡು, ಕಾಂಡವನ್ನು ಅಪ್ಪುವ ಬುಡ, ಕವಲೊಡೆಯದ ನೆಟ್ಟನೆಯ ಕಡ್ಡಿಗಳು ಎಲ್ಲವೂ ಒಟ್ಟಿಗೆ ಇರುವ ಪೊದೆ ಆ ಕುಟುಂಬದಲ್ಲಿ ಒಂದೇ: ನಂದಿನಾ. ಆ ಜಾತಿಯಲ್ಲಿ ಇರುವುದೂ ಒಂದೇ ಪ್ರಭೇದ: ನಂದಿನಾ ಡೊಮೆಸ್ಟಿಕಾ. ಇಂಗ್ಲಿಷಿನಲ್ಲಿ ಹೆವನ್ಲಿ ಬ್ಯಾಂಬೂ, ಅಂದರೆ ಸ್ವರ್ಗದ ಬಿದಿರು. ಬಿದಿರೆಂದು ಮೋಸಹೋದವರು ನನಗಿಂತ ಮೊದಲೂ ಬಹಳ ಮಂದಿ ಇದ್ದರೆಂದು ಆ ಹೆಸರೇ ಹೇಳುತ್ತದೆ.

ಹೆಸರು ಸಿಕ್ಕಿದ ಕೂಡಲೇ ಅದನ್ನು ಒಪ್ಪಿಕೊಳ್ಳುವ ಆತುರ ದೊಡ್ಡದು. ಅದಕ್ಕಾಗಿ ನಾನು ಹೊಂದುವ ಲಕ್ಷಣಗಳನ್ನು ಬದಿಗಿಟ್ಟು ಹೊಂದದವುಗಳನ್ನು ಹುಡುಕಿದೆ. ಎಲೆ ಮೂವತ್ತರಿಂದ ಐವತ್ತು ಸೆಂಟಿಮೀಟರ್ ಉದ್ದ, ಕಿರುಎಲೆ ಎರಡರಿಂದ ಹತ್ತು ಸೆಂಟಿಮೀಟರ್ ಎಂದು ವಿವರಣೆಯಲ್ಲಿತ್ತು. ನನ್ನ ಅಳತೆಗಳು ಅದರೊಳಗೇ ಬಂದವು. ಕೆಂಪು ಬಣ್ಣವೂ ಸರಿಹೋಯಿತು: ಚಳಿಯ ದಿನಗಳಲ್ಲಿ, ಬಿಸಿಲಿಗೆ ಒಡ್ಡಿಕೊಂಡ ಎಲೆಗಳು ಉದುರದೆಯೇ ಕೆಂಪಾಗುವುದು ಈ ಗಿಡದ ಸಹಜ ಗುಣ, ಅಲಂಕಾರಕ್ಕೆ ನೆಡುವವರು ಮೆಚ್ಚುವುದು ಅದನ್ನೇ. ಒಂದು ಸಂಗತಿ ಮಾತ್ರ ಹೊಂದಲಿಲ್ಲ. ಬೇಸಿಗೆಯ ಆರಂಭದಲ್ಲಿ ಕಡ್ಡಿಯ ತುದಿಯಲ್ಲಿ ಬಿಳಿ ಹೂಗಳ ದೊಡ್ಡ ಗೊಂಚಲು, ಅದರ ನಂತರ ಚಳಿಗಾಲವಿಡೀ ನಿಲ್ಲುವ ಕೆಂಪು ಹಣ್ಣುಗಳು ಎಂದು ಎಲ್ಲ ವಿವರಣೆಗಳೂ ಹೇಳುತ್ತಿದ್ದವು. ಹಣ್ಣಿನ ಕಾಲ ಅದೇ ಆಗಿತ್ತು. ಆದರೆ ಇಪ್ಪತ್ತಕ್ಕೂ ಹೆಚ್ಚು ಗಿಡಗಳಿದ್ದ ಆ ಸಾಲಿನಲ್ಲಿ ಒಂದೇ ಒಂದು ಹಣ್ಣಾಗಲಿ, ಹಳೆಯ ಗೊಂಚಲಿನ ಒಣಕಡ್ಡಿಯಾಗಲಿ ಇರಲಿಲ್ಲ. ಈ ಕೊರತೆ ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ ಎಂದರೆ ಅತಿಶಯೋಕ್ತಿಯಲ್ಲ.

ನಿದ್ದೆ ಬಾರದ ಆ ಹೊತ್ತಿನಲ್ಲಿ ಹೆಸರಿನ ಕಥೆಯನ್ನು ಓದಿಕೊಂಡೆ. ಕನ್ನಡದ ಕಿವಿಗೆ ನಂದಿನಿ ಎಂಬಂತೆ ಕೇಳಿಸುವ ಈ ಪದಕ್ಕೂ ಸಂಸ್ಕೃತಕ್ಕೂ ಸಂಬಂಧವಿಲ್ಲ; ಅದು ಜಪಾನಿನ ನಾನ್‌ತೆನ್ ಎಂಬ ಹೆಸರಿನಿಂದ ಬಂದದ್ದು. ಜೀವಿಗಳಿಗೆ ಎರಡು ಪದಗಳ ವೈಜ್ಞಾನಿಕ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಲಿನೇಯಸ್‌ನ ಶಿಷ್ಯನಾಗಿದ್ದ ಸ್ವೀಡನ್ನಿನ ಕಾರ್ಲ್ ಪೀಟರ್ ಥುನ್‌ಬರ್ಗ್ 1775ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿ ಜಪಾನಿಗೆ ಹೋದ, ಅಲ್ಲಿನ ಗಿಡಗಳನ್ನು ಅಭ್ಯಾಸ ಮಾಡಿದ, 1781ರಲ್ಲಿ ಈ ಗಿಡಕ್ಕೆ ವೈಜ್ಞಾನಿಕ ಹೆಸರನ್ನು ಪ್ರಕಟಿಸಿದ. ಡೊಮೆಸ್ಟಿಕಾ ಎಂದರೆ ಮನೆಗೆ ಸೇರಿದ್ದು. ಜಪಾನಿ ಭಾಷೆಯಲ್ಲಿ ನಾನ್‌ತೆನ್ ಎಂಬ ಧ್ವನಿ ಕಷ್ಟವನ್ನು ತಿರುಗಿಸಿಬಿಡುವುದು ಎಂಬ ಅರ್ಥದ ಮಾತಿಗೆ ಹತ್ತಿರವಾದ್ದರಿಂದ ಮನೆಗಳ ಬಳಿ ಅದನ್ನು ನೆಡುತ್ತ ಬಂದಿದ್ದಾರೆ. ಚೀನೀ ಹೆಸರಿನ ಕೊನೆಯ ಅಕ್ಷರಕ್ಕೆ ಬಿದಿರು ಎಂದೇ ಅರ್ಥ. 1804ರಲ್ಲಿ ವಿಲಿಯಂ ಕೆರ್ ಎಂಬ ಸಸ್ಯಸಂಗ್ರಾಹಕ ಇದನ್ನು ಚೀನಾದಿಂದ ಲಂಡನ್ನಿಗೆ ಕಳುಹಿಸಿದ. ಅಲ್ಲಿಂದ ಮುಂದೆ ಬೇರೆ ಬೇರೆ ದೇಶಗಳ ತೋಟಗಳಿಗೆ ಇದು ಹರಡಿತು.

ಬೆಳಿಗ್ಗೆ ತೋಟದ ಹಿರಿಯರನ್ನು ಹುಡುಕಿಕೊಂಡು ಹೋಗಿ, ಈ ಗಿಡ ಹೂ ಬಿಟ್ಟದ್ದನ್ನು ಎಂದಾದರೂ ನೋಡಿದ್ದೀರಾ ಎಂದು ಕೇಳಿದೆ. ಸಾಲಿನಲ್ಲಿ ನೋಡಿಲ್ಲ ಎಂದರು. ಸಾಲು ಸಮನಾಗಿ ಕಾಣಲೆಂದು ವರ್ಷಕ್ಕೆ ಎರಡು ಮೂರು ಸಲ ದೊಡ್ಡ ಕತ್ತರಿಯಿಂದ ಎಲ್ಲ ಗಿಡಗಳ ತಲೆಯನ್ನೂ ಒಂದೇ ಎತ್ತರಕ್ಕೆ ಸವರುವುದು ಅಲ್ಲಿನ ವಾಡಿಕೆಯಂತೆ. ಹಣ್ಣು ಏಕಿಲ್ಲ ಎಂಬುದಕ್ಕೆ ಉತ್ತರ ಅದೇ ಆಗಿತ್ತು. ಹೂಗೊಂಚಲು ಮೂಡುವುದು ಕಡ್ಡಿಯ ತುದಿಯಲ್ಲಿ. ತುದಿಯನ್ನೇ ಸವರಿದರೆ ಹೂವೂ ಇಲ್ಲ, ಹಣ್ಣೂ ಇಲ್ಲ. ಹಾಗಾದರೆ ಕತ್ತರಿ ತಾಗದ ಗಿಡ ಎಲ್ಲಿಯಾದರೂ ಉಂಟೇ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಕಟ್ಟಡದ ಹಿಂಬದಿಗೆ, ನೀರಿನ ತೊಟ್ಟಿಯ ಪಕ್ಕಕ್ಕೆ ಕರೆದುಕೊಂಡು ಹೋದರು.

ಸಾಲು ನೆಟ್ಟಾಗ ಉಳಿದದ್ದನ್ನು ಅಲ್ಲಿ ಹೂತಿಟ್ಟಿದ್ದರಂತೆ. ಯಾರೂ ಸವರದ ಆ ಒಂದು ಗಿಡ ನನ್ನ ತಲೆಗಿಂತ ಎತ್ತರಕ್ಕೆ ಹೋಗಿತ್ತು, ಮೂರು ಕಡ್ಡಿಗಳ ತುದಿಯಲ್ಲಿ ಕೆಂಪು ಹಣ್ಣಿನ ಗೊಂಚಲುಗಳು ಭಾರಕ್ಕೆ ಬಾಗಿದ್ದವು. ಒಂದು ಗೊಂಚಲನ್ನು ಅಳೆದೆ, ಇಪ್ಪತ್ತೆರಡು ಸೆಂಟಿಮೀಟರ್. ಹಣ್ಣುಗಳು ಮೆಣಸಿನ ಕಾಳಿಗಿಂತ ಸ್ವಲ್ಪ ದೊಡ್ಡವು, ಅಡ್ಡಳತೆ ಏಳು ಮಿಲಿಮೀಟರ್, ಹೊಳೆಯುವ ಕೆಂಪು. ಕೆಳಗೆ ಬಿದ್ದಿದ್ದ ಒಂದನ್ನು ಕಡ್ಡಿಯಿಂದ ಒಡೆದಾಗ ಒಂದು ಬದಿ ಚಪ್ಪಟೆಯಾದ ಎರಡು ಬೀಜಗಳು ಒಂದಕ್ಕೊಂದು ಮುಖಮಾಡಿ ಕುಳಿತಿದ್ದವು. ವಿವರಣೆಯೊಂದಿಗೆ ಹೋಲಿಸಲು ಪುಟ ತೆರೆಯುವ ಅಗತ್ಯವೂ ಬೀಳಲಿಲ್ಲ, ಹಿಂದಿನ ರಾತ್ರಿ ಅದನ್ನು ಅಷ್ಟು ಸಲ ಓದಿದ್ದೆ. ಎಲೆಯ ಬುಡ, ಕೀಲು, ಹಳದಿ ಮರ, ಗೊಂಚಲು ಮತ್ತು ಬೀಜ, ಒಂದೊಂದರ ಚಿತ್ರವನ್ನೂ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದು ನನ್ನ ಪರಿಚಿತರಿಗೆ ಕಳುಹಿಸಿದೆ. ಸ್ವಲ್ಪ ಹೊತ್ತಿನಲ್ಲೇ ಅವರ ಒಪ್ಪಿಗೆ ಬಂತು.

ಹಿರಿಯರಿಗೆ ಹೆಸರನ್ನು ನಿಧಾನವಾಗಿ ಎರಡು ಸಲ ಹೇಳಿದೆ, ಅವರ ಕೇಳಿಕೆಯಂತೆ ಒಂದು ಹಾಳೆಯಲ್ಲಿ ಬರೆದೂ ಕೊಟ್ಟೆ. ಜೊತೆಗೆ ಹೇಳಲೇಬೇಕಾದ ಇನ್ನೊಂದು ಮಾತಿತ್ತು. ಈ ಗಿಡದಲ್ಲಿ, ವಿಶೇಷವಾಗಿ ಅದರ ಹಣ್ಣಿನಲ್ಲಿ, ಸಯನೈಡನ್ನು ಬಿಡುಗಡೆ ಮಾಡುವ ಸಂಯುಕ್ತಗಳಿವೆ. 2009ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಸೀಡರ್ ವ್ಯಾಕ್ಸ್‌ವಿಂಗ್ ಎಂಬ ಹಕ್ಕಿಗಳು ಹತ್ತಾರು ಸಂಖ್ಯೆಯಲ್ಲಿ ಸತ್ತುಬಿದ್ದಾಗ, ಪರೀಕ್ಷಿಸಿದ ಹಕ್ಕಿಗಳ ಹೊಟ್ಟೆ ಈ ಹಣ್ಣುಗಳಿಂದಲೇ ತುಂಬಿತ್ತು. ಒಮ್ಮೆಗೇ ಗಂಟಲುಮಟ್ಟ ತಿನ್ನುವ ಅಭ್ಯಾಸ ಆ ಹಕ್ಕಿಗಳಿಗೆ ಮುಳುವಾಯಿತು. ಬೆಕ್ಕು ಮತ್ತು ಮೇಯುವ ಪ್ರಾಣಿಗಳಿಗೂ ಇದು ವಿಷವೆಂದೇ ಪರಿಗಣಿತವಾಗಿದೆ. ಅಮೆರಿಕದ ಆಗ್ನೇಯ ಭಾಗದಲ್ಲಿ ಬೀಜಗಳು ತೋಟದಿಂದ ಕಾಡಿಗೆ ದಾಟಿ ಇದು ಅಲ್ಲಿನ ಸ್ಥಳೀಯ ಗಿಡಗಳ ನೆಲವನ್ನು ಆಕ್ರಮಿಸುವ ಕಳೆಯೂ ಆಗಿದೆ. ತಲೆ ಸವರುವ ವಾಡಿಕೆಯಿಂದ ಆ ಸಾಲು ಯಾರಿಗೂ ತಿಳಿಯದೆಯೇ ಇಷ್ಟು ವರ್ಷ ನಿರಪಾಯವಾಗಿ ಉಳಿದಿತ್ತು.

ಅವರು ಎಲ್ಲವನ್ನೂ ಗಮನವಿಟ್ಟು ಕೇಳಿ, ಹಾಗಾದರೆ ಹೂವನ್ನು ನೋಡುವುದಕ್ಕೂ ಆಗುವುದಿಲ್ಲವೇ ಎಂದರು. ನೋಡಬಹುದು ಎಂದೆ. ತಲೆ ಸವರುವ ಬದಲು ಪ್ರತಿ ವರ್ಷ ಹಳೆಯ ಕಡ್ಡಿಗಳಲ್ಲಿ ಮೂರನೆಯ ಒಂದು ಭಾಗವನ್ನು ನೆಲಮಟ್ಟಕ್ಕೆ ಕತ್ತರಿಸಿದರೆ ಗಿಡ ಅಚ್ಚುಕಟ್ಟಾಗಿಯೂ ಇರುತ್ತದೆ, ತುದಿಗಳೂ ಉಳಿಯುತ್ತವೆ. ಹೂ ಮುಗಿದು ಕಾಯಿ ಇನ್ನೂ ಹಸಿರಾಗಿರುವಾಗಲೇ ಗೊಂಚಲುಗಳನ್ನು ತೆಗೆದುಬಿಡಬೇಕು. ನಾನು ಹೊರಡುವಾಗ ಅವರು ಏಣಿ ಹಾಕಿ ಹಿಂಬದಿಯ ಗಿಡದ ಮೂರು ಗೊಂಚಲುಗಳನ್ನೂ ಕತ್ತರಿಸಿ ಒಂದು ಚೀಲಕ್ಕೆ ತುಂಬುತ್ತಿದ್ದರು. ಮುಂದಿನ ಸಾಲಿನ ಕೊನೆಯ ಎರಡು ಗಿಡಗಳಿಗೆ, ಈ ವರ್ಷ ಕತ್ತರಿ ತಾಗಿಸಬಾರದೆಂಬ ಗುರುತಿಗೆ, ಒಂದು ತುಂಡು ದಾರ ಕಟ್ಟಿದ್ದರು.